ಉಸ್ತಾದರ ಜಮೀನಿನಲ್ಲಿ ಉಳುಮೆ

ಉರ್ದು ಕಾವ್ಯಲೋಕದಲ್ಲಿ ‘ತರಹೀ ಮುಶಾಯಿರಾ’ ಎಂಬ ಪದ್ಧತಿಯೊಂದಿದೆ. ಹಿಂದಿನ ಯಾರಾದರೂ ಉಸ್ತಾದರ ಗಜಲಿನ ಒಂದು ಸಾಲನ್ನು ಕವಿಗಳಿಗೆ ಮೊದಲೇ ತಿಳಿಸಲಾಗುತ್ತದೆ. ಅದೇ ಛಂದಸ್ಸು, ಅದೇ ಪ್ರಾಸ, ಅದೇ ರದೀಫ್ ಇಟ್ಟುಕೊಂಡು ಎಲ್ಲರೂ ಹೊಸ ಗಜಲು ಬರೆದು ತರಬೇಕು. ಈ ಚೌಕಟ್ಟನ್ನು ಉರ್ದುವಿನಲ್ಲಿ ‘ಜಮೀನ್’ ಎನ್ನುತ್ತಾರೆ. ಇನ್ನೊಬ್ಬರ ಜಮೀನಿನಲ್ಲಿ ಗಜಲು ಹೇಳುವುದನ್ನು ಅಲ್ಲಿ ಯಾರೂ ಕಳ್ಳತನವೆಂದು ಭಾವಿಸುವುದಿಲ್ಲ. ಆದರೆ ಆ ಜಮೀನಿನಲ್ಲಿ ತನ್ನದೊಂದು ಬೆಳೆ ತೆಗೆಯಲಾಗದವನನ್ನು ಸಭೆ ಸುಲಭವಾಗಿ ಕ್ಷಮಿಸುವುದೂ ಇಲ್ಲ.

ಹಳೆಯದನ್ನು ಮತ್ತೆ ಎತ್ತಿಕೊಳ್ಳುವ ಮನುಷ್ಯ ನಿಜವಾಗಿ ಮಾಡುತ್ತಿರುವುದೇನು? ಹಿರಿಯರಿಗೆ ಗೌರವ ಸಲ್ಲಿಸುತ್ತಿದ್ದಾನೆಯೇ, ತನ್ನ ಕಾಲದಿಂದ ತಪ್ಪಿಸಿಕೊಳ್ಳುತ್ತಿದ್ದಾನೆಯೇ, ಅಥವಾ ಸತ್ತವರ ದುಡಿಮೆಯ ಮೇಲೆ ಬದುಕುತ್ತಿದ್ದಾನೆಯೇ? ಈ ಪ್ರಶ್ನೆಯನ್ನು ನಾವು ಧರ್ಮ, ಸಾಹಿತ್ಯ, ರಾಜಕೀಯ ಎಲ್ಲದರಲ್ಲೂ ಎದುರಿಸುತ್ತೇವೆ. ಆದರೆ ನಮಗೆ ತೀರಾ ಹತ್ತಿರದ ವಿಷಯಗಳಲ್ಲಿ ನಮ್ಮ ಪಕ್ಷಪಾತ ಅಡ್ಡ ಬರುತ್ತದೆ. ಆದ್ದರಿಂದ ದೂರದ ಉದಾಹರಣೆಯೊಂದನ್ನು ನೋಡುವುದು ಒಳ್ಳೆಯದು. ಅದು ನ್ಯೂಯಾರ್ಕಿನ ಸಾಲ್ಸಾ ಸಂಗೀತ. ಸಂಗೀತ ಸಲ್ಲುತ್ತದೆಯೋ ಇಲ್ಲವೋ ಎಂಬ ನಮ್ಮೊಳಗಿನ ಹಳೆಯ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ನಮ್ಮ ಆಸಕ್ತಿ ಇರುವುದು ಅದನ್ನು ನುಡಿಸಿದ ಜನರ ನಡತೆಯಲ್ಲಿ.

ಸಾಲ್ಸಾ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಅಡುಗೆಯ ಸಾಸ್. ಕ್ಯೂಬಾದ ‘ಸೋನ್’ ಎಂಬ ಹಾಡು-ಕುಣಿತದ ಪ್ರಕಾರ, ಪೋರ್ಟೊರಿಕೊದ ಜನಪದ ಲಯಗಳು, ಅಮೆರಿಕದ ಜಾಜ್ ಇವೆಲ್ಲ ನ್ಯೂಯಾರ್ಕಿನ ಬಡ ಕೇರಿಗಳಲ್ಲಿ ಬೆರೆತು 1960-70ರ ದಶಕದಲ್ಲಿ ಈ ಸಂಗೀತ ರೂಪುಗೊಂಡಿತು. ಪೂರ್ವ ಹಾರ್ಲೆಮ್ ಮತ್ತು ಸೌತ್ ಬ್ರಾಂಕ್ಸ್ ಅದರ ತವರು. ಪೋರ್ಟೊರಿಕೊ ದ್ವೀಪದ ಜನರಿಗೆ 1917ರಲ್ಲಿಯೇ ಅಮೆರಿಕದ ಪೌರತ್ವ ಸಿಕ್ಕಿತ್ತು. ಎರಡನೇ ಮಹಾಯುದ್ಧದ ನಂತರ ಲಕ್ಷಾಂತರ ಮಂದಿ ಕೆಲಸ ಹುಡುಕಿಕೊಂಡು ಬಂದರು. ಪೌರತ್ವವಿತ್ತು, ಮರ್ಯಾದೆ ಇರಲಿಲ್ಲ. ಅವರ ಮಕ್ಕಳು ಕಟ್ಟಿಕೊಂಡ ಸದ್ದು ಇದು.

ಈ ಸದ್ದಿನ ಅಡಿಪಾಯ ‘ಕ್ಲಾವೆ’. ಎರಡು ಮರದ ತುಂಡುಗಳನ್ನು ತಾಡಿಸಿ ಹೊರಡಿಸುವ ಐದು ಪೆಟ್ಟುಗಳ ಆವರ್ತನೆ ಅದು: ಒಂದು ಸುತ್ತಿನಲ್ಲಿ ಮೂರು, ಮತ್ತೊಂದರಲ್ಲಿ ಎರಡು. ಪಿಯಾನೊ, ಕಾಂಗಾ, ಟಿಂಬಾಲೆ, ತುತ್ತೂರಿಗಳು ಎಲ್ಲವೂ ಇದಕ್ಕೆ ಬದ್ಧ. ಯಾರೂ ಕ್ಲಾವೆಯನ್ನು ಬಾರಿಸದಿದ್ದರೂ ಅದು ಇದ್ದೇ ಇರುತ್ತದೆ. ತಪ್ಪಿದವನು ತಕ್ಷಣ ಸಿಕ್ಕಿಬೀಳುತ್ತಾನೆ. ಬಾಸ್ ವಾದ್ಯ ಮಾತ್ರ ಮೊದಲ ಪೆಟ್ಟಿಗಾಗಿ ಕಾಯದೆ ಮುಂದಿನ ಸ್ವರವನ್ನು ಸ್ವಲ್ಪ ಮುಂಚೆಯೇ ನುಡಿದುಬಿಡುತ್ತದೆ. ಕೇಳುವವರ ಕಾಲು ತಾನಾಗಿ ಮುಂದೆ ಬೀಳುವುದು ಇದರಿಂದಲೇ. ಹಾಡಿನ ಉತ್ತರಾರ್ಧದಲ್ಲಿ ಮೇಳದವರು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ. ಅದರ ನಡುನಡುವೆ ಮುಖ್ಯ ಗಾಯಕ ಆ ಕ್ಷಣಕ್ಕೆ ಹೊಳೆದ ಮಾತನ್ನು ಹೆಣೆಯುತ್ತಾನೆ. ಕವ್ವಾಲಿಯಲ್ಲಿ ‘ಗಿರಹ್’ ಕಟ್ಟುವುದನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಎಡ್ಡಿ ಪಾಲ್ಮಿಯೆರಿ 1961ರಲ್ಲಿ ‘ಲಾ ಪರ್ಫೆಕ್ಟಾ’ ಎಂಬ ತಂಡ ಕಟ್ಟಿ, ಟ್ರಂಪೆಟ್‌ಗಳ ಜಾಗದಲ್ಲಿ ಟ್ರೊಂಬೋನ್‌ಗಳನ್ನು ತಂದರು. ಸದ್ದು ಒರಟಾಯಿತು, ಬೀದಿಗೆ ಹತ್ತಿರವಾಯಿತು. ಬ್ರಾಂಕ್ಸಿನ ವಿಲ್ಲಿ ಕೊಲೋನ್ ತನ್ನ ಮೊದಲ ಆಲ್ಬಂ ‘ಎಲ್ ಮಾಲೊ’ ಹೊರತಂದ 1967ರಲ್ಲಿ ಇನ್ನೂ ಹದಿಹರೆಯದ ಹುಡುಗ. 1964ರಲ್ಲಿ ಜಾನಿ ಪಾಚೆಕೊ ಎಂಬ ಸಂಗೀತಗಾರ ಮತ್ತು ಜೆರ್ರಿ ಮಸೂಚಿ ಎಂಬ ವಕೀಲ ಕೂಡಿ ಸ್ಥಾಪಿಸಿದ ‘ಫಾನಿಯಾ’ ಕಂಪನಿ ಈ ಎಲ್ಲವನ್ನೂ ಜಗತ್ತಿಗೆ ಮಾರಿತು. 1978ರಲ್ಲಿ ಕೊಲೋನ್ ಮತ್ತು ರುಬೇನ್ ಬ್ಲೇಡ್ಸ್ ಕೂಡಿ ತಂದ ‘ಸಿಯೆಂಬ್ರಾ’ ಆಲ್ಬಂ ಬೀದಿಯ ಕಥೆಗಳನ್ನು ಲ್ಯಾಟಿನ್ ಅಮೆರಿಕದ ಮನೆಮನೆಗೆ ಮುಟ್ಟಿಸಿತು.

1980ರ ದಶಕದಲ್ಲಿ ಗಾಳಿ ಬದಲಾಯಿತು. ‘ಸಾಲ್ಸಾ ರೊಮಾಂಟಿಕಾ’ ಬಂತು. ತಾಳವಾದ್ಯಗಳು ಹಿಂದೆ ಸರಿದವು. ನುಣುಪಾದ ದನಿ, ಪ್ರೇಮದ ಮಾತು, ಚೆಂದದ ಮುಖ ಮುಂದೆ ಬಂದವು. ವಾದ್ಯಗಾರರ ದೀರ್ಘ ವಾದನಕ್ಕೆ, ಗಾಯಕನ ಆಶು ಮಾತಿಗೆ ಜಾಗ ಕಿರಿದಾಯಿತು. ಹಳೆಯ ಬಗೆಯನ್ನು ಜನ ‘ಸಾಲ್ಸಾ ದುರಾ’, ಅಂದರೆ ಗಟ್ಟಿ ಸಾಲ್ಸಾ, ಎಂದು ಬೇರೆಯಾಗಿ ಗುರುತಿಸತೊಡಗಿದರು.

1990ರ ದಶಕದ ಕೊನೆಯಿಂದ ಆ ಗಟ್ಟಿ ಸದ್ದಿಗೆ ಮರಳುವ ಆಲ್ಬಂಗಳು ಬರಲಾರಂಭಿಸಿದವು. ಟ್ರೊಂಬೋನ್ ವಾದಕ ಜಿಮ್ಮಿ ಬಾಷ್ 1999ರಲ್ಲಿ ತಮ್ಮ ಆಲ್ಬಂಗೆ ‘ಸಾಲ್ಸಾ ದುರಾ’ ಎಂದೇ ಹೆಸರಿಟ್ಟರು. ಪಿಯಾನೊ ವಾದಕ ಆಸ್ಕರ್ ಹೆರ್ನಾಂಡೆಸ್ ಅವರ ನೇತೃತ್ವದ ಸ್ಪ್ಯಾನಿಷ್ ಹಾರ್ಲೆಮ್ ಆರ್ಕೆಸ್ಟ್ರಾದ ಮೊದಲ ಆಲ್ಬಂ 2002ರಲ್ಲಿ ಬಂತು. ಎರಡನೆಯದಾದ ‘ಅಕ್ರಾಸ್ 110ತ್ ಸ್ಟ್ರೀಟ್’ 2005ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಪಾಲ್ಮಿಯೆರಿ ಸ್ವತಃ 2002ರಲ್ಲಿ ‘ಲಾ ಪರ್ಫೆಕ್ಟಾ 2’ ಮೂಲಕ ತಮ್ಮ ಯೌವನದ ಸದ್ದಿಗೆ ಮರಳಿದರು, 2025ರಲ್ಲಿ ತೀರಿಕೊಂಡರು. ಕೊಲಂಬಿಯಾದ ಬೊಗೊಟಾದಲ್ಲಿ ‘ಲಾ 33’ ಎಂಬ ತಂಡ 2004ರಲ್ಲಿ ಮೊದಲ ಆಲ್ಬಂ ತಂದಿತು. ನ್ಯೂಯಾರ್ಕಿನ ‘ಲಾ ಎಕ್ಸೆಲೆನ್ಸಿಯಾ’ 2006ರಲ್ಲಿ ತಂದ ಆಲ್ಬಂನ ಹೆಸರು ‘ಸಾಲ್ಸಾ ಕೋನ್ ಕೊನ್ಸಿಯೆನ್ಸಿಯಾ’, ಆತ್ಮಸಾಕ್ಷಿಯುಳ್ಳ ಸಾಲ್ಸಾ.

ಇವರ ಮೇಲಿರುವ ಮೊದಲ ಆಕ್ಷೇಪ ಸರಳವಾದದ್ದು: ಇದು ನಕಲು, ವಸ್ತು ಸಂಗ್ರಹಾಲಯದ ಕೆಲಸ. ಆದರೆ ನಾವು ಒಂದು ಹೆಜ್ಜೆ ಹಿಂದೆ ಹೋಗಿ ನೋಡಿದರೆ ಈ ಆಕ್ಷೇಪ ನಿಲ್ಲುವುದಿಲ್ಲ. ಇಂದು ‘ಅಸಲು’ ಎನಿಸಿಕೊಂಡಿರುವ 1970ರ ದಶಕದ ಸಾಲ್ಸಾವನ್ನೇ ಆಗ ಅನೇಕರು ನಕಲು ಎಂದಿದ್ದರು. ಇದು ನಮ್ಮ ಸೋನ್, ಹೆಸರು ಮಾತ್ರ ಹೊಸತು ಎಂದು ಕ್ಯೂಬಾದವರು ದೂರಿದರು. ಅದರಲ್ಲಿ ಸತ್ಯಾಂಶವಿತ್ತು. ಆರ್ಸೇನಿಯೊ ರೊದ್ರಿಗೆಸ್ ಎಂಬ ಅಂಧ ಕಲಾವಿದ 1940ರ ದಶಕದಲ್ಲಿ ಸೋನ್ ಮೇಳಕ್ಕೆ ಕಾಂಗಾ, ಪಿಯಾನೊ, ಹೆಚ್ಚಿನ ಟ್ರಂಪೆಟ್‌ಗಳನ್ನು ಸೇರಿಸಿ ಕಟ್ಟಿದ ವಿನ್ಯಾಸವೇ ಸಾಲ್ಸಾದ ಬೆನ್ನೆಲುಬು. ಆತ 1970ರ ಕೊನೆಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೀರ್ತಿಯಿಂದ ದೂರವಾಗಿ ತೀರಿಕೊಂಡ. ನ್ಯೂಯಾರ್ಕಿನ ಯಹೂದಿ ಮನೆತನದ ಪಿಯಾನೊ ವಾದಕ ಲ್ಯಾರಿ ಹಾರ್ಲೊ ಅವನ ನೆನಪಿಗೆಂದೇ ಒಂದು ಆಲ್ಬಂ ಮಾಡಿದರು. ಅಂದರೆ ಇಂದಿನವರು ಮರಳುತ್ತಿರುವುದು, ತಾನೇ ಮರಳುವಿಕೆಯಾಗಿದ್ದ ಒಂದು ಕಾಲಕ್ಕೆ. ಎಲ್ಲಿಯೋ ಒಂದೆಡೆ ಯಾರ ಋಣವೂ ಇಲ್ಲದ ಶುದ್ಧ ಮೂಲವೊಂದಿದೆ ಎಂಬ ನಂಬಿಕೆಯೇ ಪೊಳ್ಳು.

ಎರಡನೆಯ ಆಕ್ಷೇಪ ಕಠಿಣವಾದದ್ದು. ಆ ಸದ್ದು ಹುಟ್ಟಿದ್ದು ಹಸಿವಿನಿಂದ, ಅವಮಾನದಿಂದ. 1970ರ ದಶಕದಲ್ಲಿ ಸೌತ್ ಬ್ರಾಂಕ್ಸಿನ ಕಟ್ಟಡಗಳು ಸಾಲುಸಾಲಾಗಿ ಬೆಂಕಿಗೆ ತುತ್ತಾದವು. ಆ ಬೆಂಕಿಯ ಪಕ್ಕದಲ್ಲಿ ನುಡಿಸಿದ ಟ್ರೊಂಬೋನನ್ನು ಹವಾನಿಯಂತ್ರಿತ ಸ್ಟುಡಿಯೊದಲ್ಲಿ ಮತ್ತೆ ನುಡಿಸಬಹುದೇ? ರಾಗವನ್ನು ಪಡೆದುಕೊಂಡಂತೆ ಸಿಟ್ಟನ್ನೂ ವಾರಸುದಾರಿಕೆಯಲ್ಲಿ ಪಡೆಯಬಹುದೇ?

ಇದಕ್ಕೆ ಒಂದೇ ಉತ್ತರವಿಲ್ಲ. ಒಬ್ಬೊಬ್ಬರನ್ನೂ ಬೇರೆಯಾಗಿ ನೋಡಬೇಕು. ಹೆರ್ನಾಂಡೆಸ್ ಹೊರಗಿನಿಂದ ಬಂದವರಲ್ಲ. ಬ್ರಾಂಕ್ಸಿನಲ್ಲೇ ಹುಟ್ಟಿ, ರೇ ಬರೆಟ್ಟೊ, ಬ್ಲೇಡ್ಸ್ ಮುಂತಾದವರ ಜೊತೆ ನುಡಿಸಿ ಬೆಳೆದವರು. ಅವರ ತಂಡದಲ್ಲಿ ಹಾಡಿದ ರೇ ದೆ ಲಾ ಪಾಸ್, ರೊಮಾಂಟಿಕಾ ಅಲೆಯ ಆರಂಭದಲ್ಲಿಯೂ ಹಾಡಿದ್ದವರು. ಗಟ್ಟಿಯದನ್ನು ಉಳಿಸಿದವರು, ಮೆದುವಾದದ್ದನ್ನು ತಂದವರು ಎಂದು ಮನುಷ್ಯರನ್ನು ಎರಡು ಪಂಗಡವಾಗಿ ಒಡೆಯಲು ಆಗುವುದಿಲ್ಲ ಎಂಬುದಕ್ಕೆ ಅವರೇ ಸಾಕ್ಷಿ. ಬೊಗೊಟಾದ ಯುವಕರಿಗೆ ನ್ಯೂಯಾರ್ಕಿನ ಕೇರಿಯ ಬಾಲ್ಯವಿರಲಿಲ್ಲ. ಅವರು ರೆಕಾರ್ಡುಗಳಿಂದ, ಅಭ್ಯಾಸದಿಂದ ಹತ್ತಿರವಾದವರು. ತಮ್ಮ ಬೀದಿಯ ಸಂಖ್ಯೆಯನ್ನೇ ತಂಡದ ಹೆಸರಾಗಿಟ್ಟುಕೊಂಡರು. ಆ ಹೆಸರು ಸಣ್ಣ ಸಂಗತಿಯಲ್ಲ. ಉಸ್ತಾದರ ಜಮೀನಿನಲ್ಲಿ ನಿಂತಿದ್ದರೂ ತಮ್ಮ ವಿಳಾಸವನ್ನು ಅವರು ಸುಳ್ಳು ಹೇಳಲಿಲ್ಲ. ಲಾ ಎಕ್ಸೆಲೆನ್ಸಿಯಾ ಹಳೆಯ ಲಯಕ್ಕೆ ತನ್ನ ಕಾಲದ ವಲಸಿಗರ, ಬಡವರ ಸಂಕಟವನ್ನು ತುಂಬಿತು. ಹಳೆಯವರ ಸಿಟ್ಟನ್ನು ಎರವಲು ತರುವ ಅಗತ್ಯ ಅದಕ್ಕೆ ಬೀಳಲಿಲ್ಲ. ಯಾಕೆಂದರೆ ಸಿಟ್ಟಿಗೆ ಕಾರಣಗಳು ಇನ್ನೂ ಮುಗಿದಿರಲಿಲ್ಲ.

ಈ ಎಲ್ಲದರ ನಡುವೆ ಹೆಚ್ಚು ಜನ ಕೇಳದ ಪ್ರಶ್ನೆಯೊಂದು ಉಳಿದಿದೆ. ಅದು ಋಣದ ಪ್ರಶ್ನೆ. ಅಮೆರಿಕ 1962ರಲ್ಲಿ ಕ್ಯೂಬಾದ ಮೇಲೆ ಪೂರ್ಣ ವ್ಯಾಪಾರ ನಿರ್ಬಂಧ ಹೇರಿತು. ಆ ಬಳಿಕ ನ್ಯೂಯಾರ್ಕಿನಲ್ಲಿ ಮುದ್ರಣವಾದ ಹಲವು ರೆಕಾರ್ಡುಗಳಲ್ಲಿ, ಕ್ಯೂಬಾದ ಹಾಡುಗಳ ರಚನಕಾರರ ಹೆಸರಿರಬೇಕಾದ ಜಾಗದಲ್ಲಿ ‘ಡಿ.ಆರ್.’ ಎಂಬ ಎರಡಕ್ಷರ ಮಾತ್ರ ಇರುತ್ತಿತ್ತು. ಹಕ್ಕು ಕಾಯ್ದಿರಿಸಿದೆ ಎಂದು ಅದರ ಅರ್ಥ. ಯಾರ ಹಕ್ಕು? ಹೇಳುವವರಿರಲಿಲ್ಲ. ಹಾಡು ಬರೆದವನು ಹವಾನಾದಲ್ಲಿ ಕೂತಿದ್ದ. ಅವನ ಹಾಡು ನ್ಯೂಯಾರ್ಕಿನಲ್ಲಿ ಹಣ ತರುತ್ತಿತ್ತು. ಫಾನಿಯಾದ ಭಂಡಾರವೂ ಕೈಯಿಂದ ಕೈಗೆ ಮಾರಾಟವಾಗುತ್ತ 2018ರಲ್ಲಿ ದೊಡ್ಡ ಸಂಗೀತ ಕಂಪನಿಯೊಂದನ್ನು ಸೇರಿತು.

ನಮ್ಮ ರಾಜ್ಯದಲ್ಲಿ ‘ಉಳುವವನೇ ಒಡೆಯ’ ಎಂಬ ಘೋಷಣೆ ಗೇಣಿದಾರರ ಬದುಕನ್ನು ಬದಲಿಸಿತು. ನೆಲದ ವಿಷಯದಲ್ಲಿ ಅದು ನ್ಯಾಯವೇ. ಪರಂಪರೆಯ ಜಮೀನಿನಲ್ಲಿ ಮಾತ್ರ ಉಳುವವನು ಒಡೆಯನಾಗುವುದಿಲ್ಲ. ಅದು ಅವನಲ್ಲಿರುವ ಅಮಾನತು. ಅಮಾನತು ಇಟ್ಟವರ ಹೆಸರನ್ನು ಮರೆಮಾಚಿದರೆ ಎಷ್ಟೇ ಒಳ್ಳೆಯ ಬೆಳೆ ಬಂದರೂ ಅದರಲ್ಲಿ ದ್ರೋಹದ ಪಾಲಿರುತ್ತದೆ. ಹಾಗೆಂದು ಅದನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿಡುವಂತೆಯೂ ಇಲ್ಲ. ನುಡಿಸದ ಸಂಗೀತ ಉಳಿಯುವುದಿಲ್ಲ. ಆದ್ದರಿಂದ ಹಳೆಯದನ್ನು ಎತ್ತಿಕೊಂಡವನ ಮೇಲೆ ಎರಡು ಹೊಣೆಗಳಿವೆ. ಯಾರಿಂದ ಪಡೆದೆ ಎಂದು ಹೇಳಬೇಕು. ಪಡೆದದ್ದಕ್ಕೆ ತನ್ನ ದುಡಿಮೆಯನ್ನು ಸೇರಿಸಿ ಮುಂದಿನವರ ಕೈಗೆ ಕೊಡಬೇಕು. ಪೋರ್ಟೊರಿಕೊದ ಜನಪ್ರಿಯ ಗಾಯಕ ಬ್ಯಾಡ್ ಬನ್ನಿ 2025ರ ಜನವರಿಯಲ್ಲಿ ಹೊರತಂದ ಆಲ್ಬಂನ ಒಂದು ಸಾಲ್ಸಾ ಹಾಡಿಗೆ ಸಾನ್ ಹುವಾನ್ ನಗರದ ಸರಕಾರಿ ಸಂಗೀತ ಶಾಲೆಯ ವಿದ್ಯಾರ್ಥಿಗಳಿಂದ ವಾದ್ಯ ನುಡಿಸಿದ. ಹೆಸರುವಾಸಿ ವಾದಕರು ಅವನಿಗೆ ಸಿಗುತ್ತಿರಲಿಲ್ಲವೇ? ಆ ಮಕ್ಕಳ ಕೈಗೆ ವಾದ್ಯ ಕೊಟ್ಟದ್ದರಲ್ಲಿ ಎರಡನೆಯ ಹೊಣೆ ಸಲ್ಲಿದೆ ಎಂದು ನಮಗನಿಸುತ್ತದೆ.

ಈಗ ನಮ್ಮ ಕಡೆಗೆ ತಿರುಗೋಣ. ನಮ್ಮ ಸಭೆಗಳಲ್ಲಿ ಬಗ್ದಾದಿನ ವಿದ್ವತ್ತು, ಕೊರ್ಡೋವಾದ ಗ್ರಂಥಾಲಯ, ಇಬ್ನ್ ಸೀನಾನ ವೈದ್ಯಶಾಸ್ತ್ರಗಳ ಪ್ರಸ್ತಾಪವಾಗದ ಭಾಷಣ ಅಪರೂಪ. ಕೇಳಿದಾಗ ಎದೆ ಉಬ್ಬುತ್ತದೆ. ಆದರೆ ಆ ಹಿರಿಯರು ತಮ್ಮ ಪೂರ್ವಜರನ್ನು ಹೊಗಳುತ್ತ ಕೂತವರಲ್ಲ. ಗ್ರೀಕರ, ಭಾರತೀಯರ ಗ್ರಂಥಗಳನ್ನು ಹುಡುಕಿ ತರಿಸಿದರು. ಹುನೈನ್ ಇಬ್ನ್ ಇಸ್‌ಹಾಕ್ ಎಂಬ ಕ್ರೈಸ್ತ ವಿದ್ವಾಂಸ ಗ್ಯಾಲೆನ್‌ನ ಗ್ರಂಥಗಳನ್ನು ಅವರಿಗಾಗಿ ಅನುವಾದಿಸಿದ. ಭಾರತದಿಂದ ಪಡೆದ ಅಂಕಿಗಳನ್ನು ಅವರು ‘ಹಿಂದೀ’ ಅಂಕಿಗಳೆಂದೇ ಕರೆದರು. ಪರರ ಜಮೀನಿನಲ್ಲಿ ಉತ್ತರು, ಒಡೆಯರ ಹೆಸರು ಹೇಳಿದರು, ಹೊಸ ಬೆಳೆ ತೆಗೆದರು. ನಾವೋ ಅವರ ಫಸಲಿನ ಲೆಕ್ಕವನ್ನು ಓದಿ ಹೇಳುತ್ತ ನೇಗಿಲು ಮುಟ್ಟದೆ ಉಳಿದರೆ, ಅದನ್ನು ಹಿರಿಯರ ಅನುಸರಣೆ ಎನ್ನಲಾದೀತೇ? ಇದು ಮುಸ್ಲಿಮರಿಗೆ ಮಾತ್ರ ಅಂಟಿದ ರೋಗವೂ ಅಲ್ಲ. ಸುವರ್ಣಯುಗದ ಮಾತಾಡುವ ಎಲ್ಲ ಸಮುದಾಯಗಳೂ ಇಂದು ಇದೇ ಪರೀಕ್ಷೆಯಲ್ಲಿ ಕೂತಿವೆ. ಅಷ್ಟೇ ಅಲ್ಲ, ತನ್ನ ಸುವರ್ಣಯುಗದಿಂದ ನೆರೆಯವನ ಹೆಸರನ್ನು ಅಳಿಸಿಹಾಕುವವರ ಸಂಖ್ಯೆಯೂ ಬೆಳೆಯುತ್ತಿದೆ. ಅವರು ಬರೆಯುತ್ತಿರುವುದೂ ಆ ‘ಡಿ.ಆರ್.’ ಎಂಬ ಎರಡಕ್ಷರವನ್ನೇ.

ತಕ್ಲೀದ್ ಮತ್ತು ಇಜ್ತಿಹಾದ್, ಅಂದರೆ ಹಿಂದಿನವರನ್ನು ಅನುಸರಿಸುವುದು ಮತ್ತು ಸ್ವಂತ ಶ್ರಮದಿಂದ ವಿಚಾರಿಸುವುದು, ಇವೆರಡನ್ನೂ ನಾವು ವೈರಿಗಳಂತೆ ಎದುರುಬದುರು ನಿಲ್ಲಿಸುತ್ತ ಬಂದಿದ್ದೇವೆ. ಸಾಲ್ಸಾದ ಗಾಯಕ ಎರಡನ್ನೂ ಒಂದೇ ಹಾಡಿನಲ್ಲಿ ಮಾಡುತ್ತಾನೆ. ಕ್ಲಾವೆಯನ್ನು ಅವನು ಮೀರುವಂತಿಲ್ಲ. ಮೇಳದ ಸಾಲು ಹಿಂದಿನವರು ಕೊಟ್ಟದ್ದು, ಅದು ಬದಲಾಗದು. ಆದರೆ ಆ ಸಾಲು ಮುಗಿದು ಮತ್ತೆ ಶುರುವಾಗುವುದರೊಳಗೆ ಅವನಿಗೊಂದು ಸಣ್ಣ ಜಾಗ ಸಿಗುತ್ತದೆ. ಅಲ್ಲಿ ಆರ್ಸೇನಿಯೊ ಬಂದು ಹಾಡುವುದಿಲ್ಲ. ಅಂದು ಅಲ್ಲಿ ನಿಂತವನೇ ಬಾಯಿ ತೆರೆಯಬೇಕು, ತನ್ನ ಊರಿನ ಮಾತನ್ನು ಲಯ ತಪ್ಪದೆ ಹೇಳಬೇಕು.