ಚಿತ್ರದಲ್ಲಿ ಅಪಹ್ನುತಿ

ಗುಣದೋಷಗಳಿಗೆ ಮೈಯನ್ನೂ ಮಾತನ್ನೂ ಕೊಟ್ಟು ಅವುಗಳಿಂದ ಕಥೆಯನ್ನು ನಡೆಯಿಸುವ ಕ್ರಮವು ನಮ್ಮವರಿಗೆ ಹೊಸದಲ್ಲ. ಕೃಷ್ಣಮಿಶ್ರನ ಪ್ರಬೋಧಚಂದ್ರೋದಯದಲ್ಲಿ ವಿವೇಕನೂ ಮಹಾಮೋಹನೂ ಅರಸರಾಗಿ ಕಾದುತ್ತಾರೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಮಾಯೆಯು ಬನವಸೆಯ ಮಮಕಾರರಾಯನಿಗೆ ಮಗಳಾಗಿ ಹುಟ್ಟುತ್ತಾಳೆ. ನಮ್ಮಲ್ಲಿ ಕಾವ್ಯನಾಟಕಗಳು ಮಾಡಿದ ಈ ಕಾರ್ಯವನ್ನು ಯೂರೋಪಿನಲ್ಲಿ ಚಿತ್ರಕಾರರು ಶತಮಾನಗಳ ಕಾಲ ಗೋಡೆಗಳ ಮೇಲೂ ಚಾವಣಿಗಳ ಮೇಲೂ ಮಾಡಿದರು. ಪಾದುವಾ ನಗರದ ಮಂದಿರದಲ್ಲಿ ಜಿಯೊತ್ತೊ ಎಂಬಾತನು ಸುಮಾರು 1305ರಲ್ಲಿ ಬರೆದ ಅಸೂಯೆಯ ಬಾಯಿಂದ ಸರ್ಪವೊಂದು ಹೊರಟು, ಹಿಂದಿರುಗಿ ಅವಳ ಕಣ್ಣಿಗೇ ಎರಗುತ್ತದೆ. ಇದಕ್ಕೆ ವ್ಯಾಖ್ಯಾನ ಬೇಕೆ? 1593ರಲ್ಲಿ ಚೆಸಾರೆ ರೀಪ ಎಂಬವನು ಯಾವ ಗುಣಕ್ಕೆ ಯಾವ ವೇಷ, ಕೈಯಲ್ಲಿ ಯಾವ ವಸ್ತು ಎಂದು ತಿಳಿಸುವ ಗ್ರಂಥವನ್ನೇ ಪ್ರಕಟಿಸಿದನು. ನಮ್ಮ ಶಿಲ್ಪಿಗಳಿಗೆ ಧ್ಯಾನಶ್ಲೋಕಗಳು ಇದ್ದಂತೆ.

ಇಂಥ ಚಿತ್ರವು ಸತ್ಯವನ್ನು ತೋರಿಸುವುದೋ ಮರೆಸುವುದೋ ಎಂಬುದೇ ಈಗಿನ ಪ್ರಶ್ನೆ. ನಮ್ಮ ಆಲಂಕಾರಿಕರು ಇದಕ್ಕೆ ಒಂದು ಅಳತೆಗೋಲನ್ನು ಕೊಟ್ಟಿದ್ದಾರೆಂದು ನನ್ನ ಭಾವನೆ. ಮುಖವೇ ಚಂದ್ರ ಎಂದರೆ ರೂಪಕ; ಅಲ್ಲಿ ಮುಖವೂ ಉಂಟು, ಚಂದ್ರನೂ ಉಂಟು. ಇದು ಮುಖವಲ್ಲ, ಚಂದ್ರ ಎಂದರೆ ಅಪಹ್ನುತಿ; ಪ್ರಕೃತವಾದುದನ್ನು ನಿಷೇಧಿಸಿ ಬೇರೊಂದನ್ನು ಸ್ಥಾಪಿಸುವುದು ಅದರ ಲಕ್ಷಣ. ಆದರೆ ಕವಿಯು ‘ಅಲ್ಲ’ ಎಂಬುದನ್ನು ಬಾಯಿಬಿಟ್ಟು ಹೇಳುತ್ತಾನೆ. ಹೇಳದಿದ್ದಲ್ಲಿಯೂ ‘ನೆಪ’, ‘ವ್ಯಾಜ’ ಎಂಬ ಪದವನ್ನಾದರೂ ಇರಿಸುತ್ತಾನೆ. ಆದುದರಿಂದ ಸಹೃದಯನು ಮೋಸಹೋಗುವುದಿಲ್ಲ. ಚಿತ್ರಕ್ಕೆ ‘ಅಲ್ಲ’ ಎನ್ನುವ ನಾಲಗೆಯಿಲ್ಲ. ಅದು ಅಪಹ್ನುತಿಯನ್ನು ಮಾಡಿಯೂ ರೂಪಕದ ವೇಷದಲ್ಲಿ ನಿಲ್ಲಬಲ್ಲದು.

ಇಟಲಿಯ ಸಿಯೆನಾ ಪಟ್ಟಣವನ್ನು ಆಳುತ್ತಿದ್ದವರು ಎರಡೆರಡು ತಿಂಗಳಿಗೆ ಬದಲಾಗುವ ಒಂಬತ್ತು ಮಂದಿ ಅಧಿಕಾರಿಗಳು. ಅವರು ಸಭೆ ಸೇರುವ ಕೊಠಡಿಯಲ್ಲಿ 1338-39ರಲ್ಲಿ ಅಂಬ್ರೋಜಿಯೊ ಲೊರೆಂಜೆತ್ತಿ ಎಂಬವನು ಸುರಾಜ್ಯವನ್ನೂ ದುರಾಜ್ಯವನ್ನೂ ಚಿತ್ರಿಸಿದನು. ಒಂದೆಡೆ ನ್ಯಾಯದೇವತೆ, ಶಾಂತಿ, ಉಳುವ ರೈತ, ನರ್ತಿಸುವ ಜನ; ಇನ್ನೊಂದೆಡೆ ಕೊಂಬು ಕೋರೆಗಳುಳ್ಳ ದೌರ್ಜನ್ಯ, ಅದರ ಕಾಲ ಕೆಳಗೆ ಕಟ್ಟಿಹಾಕಲ್ಪಟ್ಟ ನ್ಯಾಯ, ಹಾಳುಬಿದ್ದ ಊರು. ತೀರ್ಪು ಹೇಳಲು ಕುಳಿತವನು ತಾನು ಏನಾಗಬಹುದೆಂಬುದನ್ನು ಎದುರಿಗೇ ನೋಡಬೇಕಾಗಿತ್ತು. ಇದು ನಿಜವಾದ ರೂಪಕ.

ಇನ್ನು ಲಂಡನ್ನಿಗೆ ಬರೋಣ. ಈಸ್ಟ್ ಇಂಡಿಯಾ ಕಂಪೆನಿಯ ಮನೆಯಲ್ಲಿ, ಕಂದಾಯದ ಸಮಿತಿಯು ಸೇರುತ್ತಿದ್ದ ಕೊಠಡಿಯ ಚಾವಣಿಗಾಗಿ, 1778ರಲ್ಲಿ ಸ್ಪಿರಿಡಿಯೋನ್ ರೋಮ ಎಂಬ ಚಿತ್ರಕಾರನು ಒಂದು ಪಟವನ್ನು ಬರೆದನು. ಪೂರ್ವದೇಶವು ತನ್ನ ಸಂಪತ್ತನ್ನು ಬ್ರಿಟಾನಿಯಳಿಗೆ ಅರ್ಪಿಸುವುದು ಅದರ ವಿಷಯ. ಬಿಳುಪಾದ ಬ್ರಿಟಾನಿಯಳು ಎತ್ತರದಲ್ಲಿ ಕುಳಿತಿದ್ದಾಳೆ, ಬಳಿಯಲ್ಲಿ ಸಿಂಹ. ಕಪ್ಪುಮೈಯ ಭಾರತವು ಕೆಳಗಿನಿಂದ ಮುತ್ತುರತ್ನಗಳನ್ನು ಒಪ್ಪಿಸುತ್ತಿದೆ. ಚೀನವು ಪಿಂಗಾಣಿಯನ್ನೂ ಚಹವನ್ನೂ ತಂದಿದೆ. ಬಣ್ಣ ಚೆಲುವಾಗಿಯೇ ಇದೆ. ಆದರೆ ಅದಕ್ಕೆ ಎಂಟು ವರ್ಷ ಹಿಂದೆ, 1770ರಲ್ಲಿ, ಬಂಗಾಳದಲ್ಲಿ ಘೋರಕ್ಷಾಮ ಬಂದಿತ್ತು. ಜನರಲ್ಲಿ ಮೂರರಲ್ಲೊಂದು ಪಾಲಾದರೂ ಸತ್ತರೆಂದೂ, ಆದರೂ 1771ರ ಕಂದಾಯವು 1768ರದನ್ನು ಮೀರಿತೆಂದೂ, ಬಲಾತ್ಕಾರದಿಂದ ಅದನ್ನು ಹಳೆಯ ಮಟ್ಟದಲ್ಲಿ ನಿಲ್ಲಿಸಲಾಯಿತೆಂದೂ ಕಂಪೆನಿಗೆ 1772ರಲ್ಲಿ ಬರೆದವನು ಹೇಸ್ಟಿಂಗ್ಸನೇ. ಇದು ಸುಲಿಗೆಯಲ್ಲ, ಕಾಣಿಕೆ ಎಂದು ಚಾವಣಿಯು ಹೇಳುತ್ತದೆ; ‘ಸುಲಿಗೆಯಲ್ಲ’ ಎಂಬ ಭಾಗವನ್ನು ಮಾತ್ರ ನುಂಗಿಕೊಂಡಿದೆ. ಸಿಯೆನಾದ ಗೋಡೆ ಅಧಿಕಾರಿಯನ್ನು ಎಚ್ಚರಿಸಿತು, ಲಂಡನ್ನಿನ ಚಾವಣಿ ಅವನನ್ನು ಜೋಗುಳ ಹಾಡಿ ಮಲಗಿಸಿತು.

ದೂರದ ಮಾತೆಂದು ನಮ್ಮವರು ನಗಬೇಕಾಗಿಲ್ಲ. ಕಾಮಸಮುದ್ರದ ನಮಗೆ ಚಿನ್ನದ ಗಣಿಗಳು ನೆರೆಮನೆಯಷ್ಟೆ. ‘ಭೂದೇವಿ ಚಿನ್ನವನ್ನು ಕೊಟ್ಟಳು’ ಎಂದು ಈ ಪ್ರಾಂತ್ಯದಲ್ಲಿ ಯಾರು ಹೇಳಿಲ್ಲ? ವಾಕ್ಯವನ್ನು ವ್ಯಾಕರಣದಿಂದ ಬಿಡಿಸಿದರೆ ಕರ್ತೃ ಭೂದೇವಿ, ಕರ್ಮ ಚಿನ್ನ. ಅಗೆದವನಿಗೆ ಅದರಲ್ಲಿ ವಿಭಕ್ತಿಯೇ ಇಲ್ಲ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೆಲಸಕ್ಕೆ ಕೈಹಾಕಿದಂದಿನಿಂದ 2001ರಲ್ಲಿ ಗಣಿಗಳು ಮುಚ್ಚುವವರೆಗೆ ಸುಮಾರು 800 ಟನ್ ಚಿನ್ನ ಹೊರಬಂದಿತು. ಚಾಂಪಿಯನ್ ರೀಫ್ ಗಣಿಯು 3,000 ಮೀಟರಿಗಿಂತ ಆಳಕ್ಕೆ ಇಳಿಯಿತು. ಅಲ್ಲಿನ ಸೆಕೆಯಲ್ಲಿ ಬೆಂದವರು, ಬಂಡೆ ಸಿಡಿದು ಸತ್ತವರು, ಕಲ್ಲುಧೂಳಿನಿಂದ ಶ್ವಾಸಕೋಶ ಕೆಟ್ಟವರು ಉತ್ತರ ಆರ್ಕಾಟು ಮೊದಲಾದ ಕಡೆಗಳಿಂದ ಬಂದ ಕೂಲಿಗಳು. ಕೊಟ್ಟವಳು ದೇವಿಯಾದರೆ ಇವರ ಲೆಕ್ಕವನ್ನು ಯಾರೂ ಕೇಳಬೇಕಾಗಿಲ್ಲ; ಆ ಮಾತಿನ ಸೌಕರ್ಯವೇ ಅದು.

ಅವನೀಂದ್ರನಾಥ ಠಾಕೂರರು 1905ರಲ್ಲಿ ಬರೆದ ಭಾರತಮಾತೆಯ ಚಿತ್ರವು ಲಂಡನ್ನಿನ ಪಟಕ್ಕೆ ಉತ್ತರವೆಂದು ಹೇಳಬಹುದು. ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪನವರಿಗೆ ಗುರುಗಳು ಇವರೇ. ಇಲ್ಲಿ ಭಾರತವು ಯಾರ ಪಾದಕ್ಕೂ ಏನನ್ನೂ ಒಪ್ಪಿಸುವುದಿಲ್ಲ. ನಾಲ್ಕು ಕೈಗಳಲ್ಲಿ ಧಾನ್ಯ, ವಸ್ತ್ರ, ಪುಸ್ತಕ, ಜಪಮಾಲೆಗಳನ್ನು ಹಿಡಿದು ಮಕ್ಕಳ ಕಡೆಗೆ ನಿಂತಿದೆ. ನೋಡಿದರೆ ಭಕ್ತಿ ಹುಟ್ಟುತ್ತದೆ, ನಿಜ. ಆದರೆ ಅಳತೆಗೋಲು ಒಂದೇ ಆಗಿರಬೇಕಷ್ಟೆ? ಗಣಿಗಳು 1972ರಿಂದ ಭಾರತ ಸರ್ಕಾರದ ಸಂಸ್ಥೆಯ ವಶದಲ್ಲಿದ್ದವು. 2001ರಲ್ಲಿ ಕೆಲಸ ಕಳೆದುಕೊಂಡವರು ಯಾವ ಪರದೇಶದ ಕಂಪೆನಿಯ ಆಳುಗಳೂ ಅಲ್ಲ. ಆ ಸೈನೈಡು ಮಣ್ಣಿನ ಗುಡ್ಡಗಳ ಬುಡದ ಸಾಲುಮನೆಗಳಲ್ಲಿ ಉಳಿದವರು ಆ ತಾಯಿಯ ಯಾವ ಕೈಯ ಕಡೆಗೆ ನೋಡಬೇಕೆಂದು ಆ ಚಿತ್ರವನ್ನೂ ಕೇಳಬೇಕಾಗುತ್ತದೆ.