ಸೆರೆಯಾಳಿನ ಆರಾಧನೆ: ಹಕ್ಕೋ, ಆಮಿಷವೋ?

ಅಪರಾಧಿಯ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳಲು ಕಾನೂನಿಗೆ ಅಧಿಕಾರವಿದೆ. ಅವನ ಆರಾಧನೆಯನ್ನೂ ಕಿತ್ತುಕೊಳ್ಳುವ ಅಧಿಕಾರವಿದೆಯೇ? ಇಲ್ಲವೆಂದು ನಾವೆಲ್ಲ ಒಪ್ಪುತ್ತೇವೆ. ಆದರೆ ಭಯೋತ್ಪಾದಕನೆಂಬ ಹಣೆಪಟ್ಟಿ ಬಿದ್ದೊಡನೆ ನಮ್ಮ ದನಿ ಉಡುಗಿ ಹೋಗುತ್ತದೆ.

2002ರ ಜನವರಿಯಲ್ಲಿ ಅಮೆರಿಕವು ಕ್ಯೂಬಾದ ಗ್ವಾಂಟನಾಮೊ ಕೊಲ್ಲಿಯಲ್ಲಿ ಬಂಧನ ಶಿಬಿರವನ್ನು ತೆರೆಯಿತು. ವರ್ಷಗಳುದ್ದಕ್ಕೂ ಸುಮಾರು 780 ಮಂದಿಯನ್ನು ಅಲ್ಲಿ ಕೂಡಿಹಾಕಲಾಯಿತು. ಹೆಚ್ಚಿನವರ ಮೇಲೆ ಆರೋಪಪಟ್ಟಿಯೇ ಇರಲಿಲ್ಲ. ಆದರೆ ಧಾರ್ಮಿಕ ಸೌಲಭ್ಯಗಳಿದ್ದವು. ಬಾಂಗ್ ಕೇಳಿಸಲಾಗುತ್ತಿತ್ತು. ಮಕ್ಕಾದ ದಿಕ್ಕನ್ನು ತೋರಿಸುವ ಬಾಣದ ಗುರುತಿತ್ತು. ಕುರ್‌ಆನ್ ಪ್ರತಿಗಳನ್ನು ಹೇಗೆ ಮುಟ್ಟಬೇಕೆಂಬುದಕ್ಕೂ ಲಿಖಿತ ನಿಯಮವಿತ್ತು.

ಆದರೆ 2007ರಲ್ಲಿ ಬಯಲಾದ, 2003ರ ಶಿಬಿರದ ಕೈಪಿಡಿ ಬೇರೆಯೇ ಕತೆ ಹೇಳುತ್ತದೆ. ಹೊಸದಾಗಿ ಬಂದ ಕೈದಿಯು ವಿಚಾರಣಾಧಿಕಾರಿಯನ್ನೇ ಅವಲಂಬಿಸುವಂತೆ ಮಾಡುವ ಯೋಜನೆಯೊಂದು ಅದರಲ್ಲಿತ್ತು. ಕುರ್‌ಆನ್, ತಸ್ಬೀಹ್, ಟೋಪಿಗಳನ್ನು ಅವನಿಗೆ ಹಂಚುವವನೂ ಆ ಅಧಿಕಾರಿಯೇ! ಅಂದರೆ ಧರ್ಮವು ಅಲ್ಲಿ ಕೈದಿಯ ಹಕ್ಕಾಗಿರಲಿಲ್ಲ, ಅವನ ಬಾಯಿ ಬಿಡಿಸುವ ಸಾಧನವಾಗಿತ್ತು. ಪವಿತ್ರ ಗ್ರಂಥವನ್ನು ನಿರಾಕರಿಸುವುದು ಅವಮಾನವಾದರೆ, ಅದನ್ನು ಆಮಿಷವಾಗಿ ಒಡ್ಡುವುದು ಅದಕ್ಕಿಂತ ಕಡಿಮೆ ಅವಮಾನವೇನಲ್ಲ.

ಭದ್ರತೆಯ ಪ್ರಶ್ನೆಯನ್ನು ನಾವು ತಳ್ಳಿಹಾಕುತ್ತಿಲ್ಲ. ಸೆರೆಮನೆಯಲ್ಲಿ ತಪಾಸಣೆ ಬೇಕೇ ಬೇಕು. ಆದರೆ ಕಾರಣ ಬೇರೆ, ನೆಪ ಬೇರೆ. ಅಮೆರಿಕದ್ದೇ ಅರ್ಕನ್ಸಾ ರಾಜ್ಯದಲ್ಲಿ ಮುಸ್ಲಿಮ್ ಕೈದಿಯೊಬ್ಬನಿಗೆ ಅರ್ಧ ಇಂಚು ಗಡ್ಡ ಬಿಡಲು ಅನುಮತಿ ನಿರಾಕರಿಸಲಾಗಿತ್ತು. ಗಡ್ಡದಲ್ಲಿ ಏನನ್ನಾದರೂ ಬಚ್ಚಿಡಬಹುದೆಂಬುದು ಅಧಿಕಾರಿಗಳ ವಾದ. ಅದಕ್ಕಿಂತ ಉದ್ದದ ತಲೆಗೂದಲಿಗೆ ಮಾತ್ರ ಅಡ್ಡಿಯಿರಲಿಲ್ಲ! ಆತ ಗಂಭೀರ ಅಪರಾಧಕ್ಕಾಗಿ ಶಿಕ್ಷೆ ಅನುಭವಿಸುತ್ತಿದ್ದವನು. ಆದರೂ 2015ರಲ್ಲಿ ಆ ದೇಶದ ಸುಪ್ರೀಮ್ ಕೋರ್ಟು ಒಮ್ಮತದಿಂದ ಅವನ ಪರವಾಗಿ ತೀರ್ಪು ನೀಡಿತು. ಅಪರಾಧಕ್ಕೆ ಶಿಕ್ಷೆಯಿದೆ, ವಿಶ್ವಾಸಕ್ಕಲ್ಲ ಎಂಬುದು ಇಲ್ಲಿಂದ ನಾವು ಕಲಿಯಬೇಕಾದ ಪಾಠ.

ಕುರ್‌ಆನ್‌ನ 76ನೇ ಅಧ್ಯಾಯವು ಬಡವರು ಮತ್ತು ಅನಾಥರ ಜೊತೆಗೆ ಸೆರೆಯಾಳಿಗೂ ಉಣಬಡಿಸುವವರನ್ನು ಸಜ್ಜನರೆಂದು ಬಣ್ಣಿಸುತ್ತದೆ. ಅವರು ಪ್ರತಿಫಲವನ್ನಾಗಲಿ ಕೃತಜ್ಞತೆಯನ್ನಾಗಲಿ ಬಯಸುವುದಿಲ್ಲ. ಸೆರೆಯಾಳು ಯಾವ ಧರ್ಮದವನೆಂಬ ಷರತ್ತೂ ಅಲ್ಲಿಲ್ಲ. ಅನ್ನದ ವಿಷಯದಲ್ಲಿ ಸತ್ಯವಾದದ್ದು ಆತ್ಮದ ಹಸಿವಿನ ವಿಷಯದಲ್ಲೂ ಸತ್ಯವಲ್ಲವೇ?

ಹಾಗಿದ್ದರೆ ಈ ಮಾತು ಮೊದಲು ನಮಗೇ ಅನ್ವಯಿಸುತ್ತದೆ. ಮುಸ್ಲಿಮ್ ಆಡಳಿತವಿರುವ ದೇಶದ ಸೆರೆಮನೆಯಲ್ಲಿ ಕ್ರೈಸ್ತನೋ ಹಿಂದೂವೋ ತನ್ನ ಪ್ರಾರ್ಥನೆಗೆ ಅವಕಾಶ ಕೇಳಿದಾಗ ನಾವು ಅವನ ಪರವಾಗಿಯೂ ಇಷ್ಟೇ ಗಟ್ಟಿಯಾಗಿ ಮಾತನಾಡಬೇಕು. ನಮ್ಮವನಿಗಾಗಿ ಮಾತ್ರ ಕೇಳಿದರೆ ಅದು ಪಕ್ಷಪಾತ. ಎಲ್ಲರಿಗಾಗಿ ಕೇಳಿದರೆ ಮಾತ್ರ ನ್ಯಾಯ.