ಇಂದಿನ ಧಮ್ಮ ಚಿಂತನೆ: ಯಾರಿಗಾಗಿ ಕಾಯಬೇಕು?



ಅಕ್ಟೋಬರ್ 14ರ ಧಮ್ಮದೀಕ್ಷಾ ದಿನದ ಆಹ್ವಾನ ಪತ್ರಿಕೆಯ ಕರಡು ನಿನ್ನೆ ಗ್ರೂಪಿಗೆ ಬಂತು. ವೇದಿಕೆಗೆ ಹತ್ತೊಂಬತ್ತು ಹೆಸರು. ಉಪನ್ಯಾಸ ಕೊಡುವವರದು ಹದಿನೇಳನೆಯದು.

ಹೋದ ವರ್ಷ ವೇದಿಕೆಯ ಉಸ್ತುವಾರಿ, ನಿರೂಪಣೆ ಎರಡೂ ನನ್ನವೇ. ಹಾಗಾಗಿ ತಪ್ಪೂ ನನ್ನದೇ. ಐದಕ್ಕೆ ಎಂದದ್ದು ಆರೂವರೆಗೆ ಶುರುವಾಯಿತು, ಮುಖಂಡರೊಬ್ಬರ ಕಾರು ಬರಬೇಕಿತ್ತು. ಸ್ವಾಗತ, ಹಾರ, ಶಾಲು, ಪೇಟ, ಫೋಟೊ ಮುಗಿಯುವಾಗ ಎಂಟು ಗಂಟೆ. ಬೆಂಗಳೂರಿನಿಂದ ಬಂದಿದ್ದ ಉಪನ್ಯಾಸಕರಿಗೆ ‘ಹತ್ತು ನಿಮಿಷ’ ಎಂದು ಚೀಟಿ ಕೊಟ್ಟವನು ನಾನು. ಟೊಮೆಟೊ ತೋಟದ ಕೂಲಿ ಮುಗಿಸಿ ನೇರ ಬಂದಿದ್ದ ಹೆಂಗಸರು ಕಡೇ ಬಸ್ಸಿಗೆ ಎದ್ದರು. ಒಬ್ಬ ಅಜ್ಜಿ ಬಾಗಿಲ ಹತ್ತಿರ ನನ್ನನ್ನು ತಡೆದು, “ಮೇಷ್ಟ್ರೇ, ಬುದ್ದನ ಇಷ್ಯ ಇನ್ನೂ ಬರ್ಲೇ ಇಲ್ವಲ್ಲಪ್ಪಾ” ಅಂದರು. 22 ಪ್ರತಿಜ್ಞೆ ಹೇಳಿಸಿದಾಗ ಅರ್ಧ ಕುರ್ಚಿ ಖಾಲಿ.

ಧಮ್ಮಪದದ 203ನೇ ಗಾಥೆಗೆ ಅಟ್ಠಕಥೆಯಲ್ಲಿ ಒಂದು ಹಿನ್ನೆಲೆ ಕಥೆಯಿದೆ. ಭಗವಾನರು ಆಳವಿ ಎಂಬ ಊರಿಗೆ ಬಂದಿದ್ದಾರೆ. ಊಟ ಮುಗಿದಿದೆ, ಜನ ಧಮ್ಮ ಕೇಳಲು ಕೂತಿದ್ದಾರೆ. ಭಗವಾನರು ಮಾತೇ ಆಡುವುದಿಲ್ಲ. ಕೇಳಬೇಕೆಂದು ಆಸೆಪಟ್ಟಿದ್ದ ಬಡವನೊಬ್ಬನ ಎತ್ತು ಅಂದು ಕಳೆದುಹೋಗಿತ್ತು. ಹುಡುಕಿ ಹಿಡಿದು, ಹಸಿದ ಹೊಟ್ಟೆಯಲ್ಲೇ ಅವನು ಓಡಿಬಂದ. ಉಳಿದ ಅನ್ನ ಇದೆಯೇ ಎಂದು ಭಗವಾನರು ವಿಚಾರಿಸಿದರು, ಅವನಿಗೆ ಬಡಿಸಿಸಿದರು. ಅವನು ಉಂಡ ಮೇಲೆ ಮಾತು ಆರಂಭಿಸಿದರು. ಭಿಕ್ಖುಗಳಿಗೇ ಇದು ವಿಚಿತ್ರ ಅನ್ನಿಸಿತಂತೆ. ಹಸಿವಿನ ಸಂಕಟದಲ್ಲಿರುವವನಿಗೆ ಧಮ್ಮ ತಿಳಿಯದು ಎಂದು ಅವರಿಗೆ ವಿವರಿಸಿದರು.

ಗಮನಿಸಿ, ಆಳವಿಯ ಕಾರ್ಯಕ್ರಮವೂ ತಡವಾಯಿತು. ಅಲ್ಲಿ ಎತ್ತು ಹುಡುಕಲು ಹೋದವನಿಗಾಗಿ ಕಾದರು. ನಾವು ಕಾರಿಗಾಗಿ ಕಾದೆವು.

ನಾಗಪುರವನ್ನೂ ನೆನೆಯಿರಿ. ವಾಮನರಾವ್ ಗೋಡ್‌ಬೋಲೆ ಮತ್ತು ಸಂಗಡಿಗರು ಏರ್ಪಾಡು ಮಾಡಿದ್ದ ಆ ಸಮಾರಂಭದಲ್ಲಿ, 1956ರ ಅಕ್ಟೋಬರ್ 14ರ ಬೆಳಿಗ್ಗೆ, ಬಾಬಾಸಾಹೇಬರೂ ಮಾಯಿಸಾಹೇಬರೂ ಭಿಕ್ಖು ಚಂದ್ರಮಣಿಯವರಿಂದ ತಿಸರಣ, ಪಂಚಶೀಲ ಪಡೆದರು. ಬಳಿಕ ಬಾಬಾಸಾಹೇಬರೇ ಲಕ್ಷಾಂತರ ಜನರನ್ನು ಎದ್ದು ನಿಲ್ಲಿಸಿ ದೀಕ್ಷೆ ಕೊಟ್ಟರು, 22 ಪ್ರತಿಜ್ಞೆ ಹೇಳಿಸಿದರು. ಅವರು ದೀರ್ಘ ಭಾಷಣ ಮಾಡಿದ್ದು ಮರುದಿನ, 15ರಂದು. ಮೊದಲು ಜನರ ಬಾಯಿ ತೆರೆಯಿತು.

ಶಾಮಿಯಾನಕ್ಕೆ ದುಡ್ಡು ಕೊಟ್ಟವರನ್ನು ವೇದಿಕೆಗೆ ಕರೆಯದಿದ್ದರೆ ಬೇಸರವಾಗುತ್ತದೆ, ಮುಂದಿನ ಸಲ ಯಾರು ಕೊಡುತ್ತಾರೆ ಎಂದು ಮಾಲೂರಿನ ಗೆಳೆಯರು ಕೇಳಿದ್ದಾರೆ. ಸುಳ್ಳು ಭಯವಲ್ಲ. ನನಗೂ ಇದೆ. ಆದರೆ ಆಳವಿಯಲ್ಲಿ ಅನ್ನ ಕೊಟ್ಟವರೂ ನೆಲದ ಮೇಲೆ ಕೂತೇ ಕಾದರು. ದಾನಿಗಳ ಹೆಸರನ್ನು ಒಂದು ನಿಮಿಷದಲ್ಲಿ ಗೌರವದಿಂದ ಓದೋಣ. ಹಾರ, ಪೇಟದ ಹಣ ಚಿತ್ರಾನ್ನಕ್ಕೆ ಹೋಗಲಿ, ಬಂದವರಿಗೆ ಬಂದ ಕೂಡಲೇ ಕೊಡೋಣ. (ಮೈಕ್‌ಸೆಟ್ ಹುಡುಗನನ್ನು ಮರೆಯಬೇಡಿ, ಹೋದ ಸಲ ರಾತ್ರಿ ಹನ್ನೊಂದರವರೆಗೆ ಅವನು ಟೀಯಲ್ಲೇ ಇದ್ದ.) ತಿಸರಣ ಆದ ಕೂಡಲೇ ಪ್ರತಿಜ್ಞೆ, ಹೇಳಿಸುವವರು ಹೆಣ್ಣುಮಕ್ಕಳಾಗಲಿ. ಉಪನ್ಯಾಸಕ್ಕೆ ಮುಕ್ಕಾಲು ಗಂಟೆ, ಚೀಟಿ ಇಲ್ಲ.

ಮುಳಬಾಗಿಲು, ಶ್ರೀನಿವಾಸಪುರದ ಬಂಧುಗಳು ನಿಮ್ಮ ಕಡೆಯ ಕಡೇ ಬಸ್ಸಿನ ಸಮಯವನ್ನು ಇಂದು ಸಂಜೆಯೊಳಗೆ ತಿಳಿಸಿ. ಅದನ್ನು ನೋಡಿಕೊಂಡು ಪತ್ರಿಕೆ ಅಚ್ಚಿಗೆ ಕೊಡುತ್ತೇವೆ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.